ಚಿಲ್ಲರೆ ಗಂಟು

ನಮ್ಮೂರಿನಿಂದ ಒಮ್ಮೆ ರೈಲು ಹತ್ತಿ ಹೋದವರಿಗೆ ನಮ್ಮೂರು ಮತ್ತೆ ಸಿಗುವುದಿಲ್ಲ. ಟಿಕೆಟ್ ತೆಗೆಸಿ, ಕಿಟಕಿಯ ಪಕ್ಕ ಕೂತು, ರೆಪ್ಪೆ ಬಡಿಯದೆ ನೋಡುತ್ತ ಬಂದರೂ ಅವರಿಗೆ ಹಿಂದಿನ ಸ್ಟೇಷನ್ನು ಕಾಣುತ್ತದೆ, ಮುಂದಿನ ಸ್ಟೇಷನ್ನು ಕಾಣುತ್ತದೆ, ನಡುವೆ ನಾವು ಇರುವುದಿಲ್ಲ. ಹೊಸಬರು ಬರಬಹುದು, ಬಂದು ನೆಲೆ ನಿಂತವರೂ ಇದ್ದಾರೆ. ಆದರೆ ಹೋದವರು ಹೋದ ಹಾಗೆಯೇ. ಅವರು ಕಳಿಸಿದ ಗಂಟು ಮಾತ್ರ ಸರಿಯಾಗಿ ಬಂದು ತಲುಪುತ್ತಿತ್ತು. ಹೀಗೇಕೆ ಎಂದು ನಮ್ಮಲ್ಲಿ ಯಾರೂ ಕೇಳಿದವರಲ್ಲ. ಬೇಸಿಗೆಯಲ್ಲಿ ಬಾವಿಯ ನೀರು ಇಳಿದರೆ ಜನ ಹಗ್ಗ ಉದ್ದ ಮಾಡಿಕೊಳ್ಳುತ್ತಾರೆ. ನಾವೂ ಹಾಗೆಯೇ ಮಾಡಿಕೊಂಡೆವು.

ನಾನು ಹುಲಿಗೆವ್ವ. ಪಾರ್ಸಲ್ ಆಫೀಸಿನ ಕಟ್ಟೆಯ ಮೇಲೆ ಕೂತು ಗಂಟು ಹೊಲಿದುಕೊಡುವುದು ನನ್ನ ಕೆಲಸವಾಗಿತ್ತು. ಜನ ಸಾಮಾನು ತಂದು ಮುಂದೆ ಸುರುವುತ್ತಿದ್ದರು. ಅದನ್ನು ಒಪ್ಪವಾಗಿ ಜೋಡಿಸಿ, ಮೇಲೆ ಬಿಳಿ ಬಟ್ಟೆ ಬಿಗಿದು, ದಬ್ಬಣದಿಂದ ಹೊಲಿದು, ಹೊಲಿಗೆಯ ಮೇಲೆ ಅರಗು ಒತ್ತಿದರೆ ನನ್ನ ಪಾಲಿನದು ಮುಗಿಯಿತು. ವಿಳಾಸ ಬರೆಯುವುದು, ತೂಗುವುದು, ರಸೀದಿ ಹರಿಯುವುದು ಪಾರ್ಸಲ್ ಬಾಬು ಗುಂಡೇರಾಯರದು. ಊರಿಗೆ ಟಪಾಲು ಕಚೇರಿ ಇರಲಿಲ್ಲ. ಹೇಳುವುದು ಏನಾದರೂ ಇದ್ದರೆ ಚೀಟಿ ಬರೆಸಿ ಗಂಟಿನೊಳಗೇ ಇಡಬೇಕಿತ್ತು. ಹೊರಗೆ ಕೊಟ್ಟ ಮಗಳು ಬಾಣಂತಿಯಾದಳೆಂದರೆ ಅಂಟಿನುಂಡಿ ಗಂಟಿನಲ್ಲಿ ಹೋಗುತ್ತಿತ್ತು, ಆ ಕೂಸಿನ ಜವಳದ ಕೂದಲು ಗಂಟಿನಲ್ಲಿ ಬರುತ್ತಿತ್ತು. ಕುಂಬಾರ ಓಬಳೇಶ ಹೊರಗೆ ಹೋದ ಮಗನ ಮದುವೆಯ ದಿನ ಅಕ್ಷತೆಯನ್ನು ಹಳಿಯ ಮೇಲೆ ಚೆಲ್ಲಿ, ಮನೆಗೆ ಬಂದು ಹೋಳಿಗೆ ಉಂಡ. ಆ ಮದುವೆಯ ಬಾಸಿಂಗ ಮುಂದಿನ ವಾರ ಗಂಟಿನಲ್ಲಿ ಬಂತು. ಹೊರಗೆ ತೀರಿಕೊಂಡವರ ಬೂದಿಯೂ ಹಾಗೆಯೇ ಬರುತ್ತಿತ್ತು. ಅದು ಬಂದ ದಿನ ಗುಂಡೇರಾಯರು ಕುರ್ಚಿಯಿಂದ ಎದ್ದು ನಿಂತು ಸಹಿ ಹಾಕಿಸಿಕೊಳ್ಳುತ್ತಿದ್ದರು.

ಲಲಿತವ್ವ ನನ್ನ ತಮ್ಮ ಯಮನೂರಪ್ಪನ ಹೆಂಡತಿ. ತಮ್ಮ ಅದೇ ಸ್ಟೇಷನ್ನಿನಲ್ಲಿ ಹಮಾಲನಾಗಿದ್ದ. ಒಂದು ಮಧ್ಯಾಹ್ನ ರೈಲಿನ ಡಬ್ಬಿಯಿಂದ ಇಳಿಸುತ್ತಿದ್ದ ಗಿರಣಿಯ ಕಲ್ಲು ಜಾರಿ ಅವನ ಎದೆಯ ಮೇಲೆ ಬಿತ್ತು. ಆಗ ಲಲಿತವ್ವನ ಮಡಿಲಲ್ಲಿ ಹಾಲು ಕುಡಿಯುವ ಕೂಸು. ಮೀನಾಕ್ಷಿ ಎಂದು ಹೆಸರಿಟ್ಟು ತಿಂಗಳೂ ಆಗಿರಲಿಲ್ಲ. ಗಂಡನ ದುಃಖ ಆರುವ ಮೊದಲೇ ಅವಳಿಗೆ ಕೆಮ್ಮು ಹತ್ತಿತು. ಸೆರಗಿನಲ್ಲಿ ರಕ್ತ ಕಂಡಿತು. ಊರಿನ ಡಾಕ್ಟರು ನೋಡಿ ಕ್ಷಯ ಎಂದರು. ರೈಲಿನ ಹಾದಿಯಲ್ಲಿ ಮುಂದೆ ಒಂದು ಊರಿದೆ, ಅಲ್ಲಿ ಎದೆರೋಗದ ದೊಡ್ಡ ಆಸ್ಪತ್ರೆ ಇದೆ, ಅಲ್ಲಿಗೆ ಹೋದರೆ ಉಳಿಯುತ್ತಾಳೆ, ಇಲ್ಲಿಯೇ ಇದ್ದರೆ ಕಷ್ಟ, ಕೂಸನ್ನಂತೂ ಹತ್ತಿರ ಬಿಡಬೇಡಿ ಎಂದರು.

ಉಳಿಯಬೇಕೆಂದರೆ ಊರು ಬಿಡಬೇಕು. ಊರು ಬಿಟ್ಟರೆ ಕೂಸಿನ ತೊಟ್ಟಿಲ ಹತ್ತಿರ ಮತ್ತೆ ಬರುವ ಹಾಗಿಲ್ಲ. ಮೂರನೆಯ ದಿನ ಲಲಿತವ್ವ ಹಿತ್ತಲಿನ ಬಾಗಿಲಲ್ಲಿ, ಕೂಸಿನಿಂದ ದೂರ ಕೂತು, ಬಾಯಿಗೆ ಸೆರಗು ಒತ್ತಿಕೊಂಡು ನನ್ನನ್ನು ಕರೆದಳು.

"ಯಕ್ಕಾ, ನಾ ಇಲ್ಲೇ ಸತ್ತರ ಇಕಿಗೆ ಅವ್ವನ ಇಲ್ಲದಂಗ ಆಗತೈತಿ. ಹ್ವಾದರ ದೂರದಾಗರ ಒಬ್ಬಾಕಿ ಇರತಾಳ. ನೀ ಇಕಿನ್ನ ಸಾಕತಿ, ನನಗ ಗೊತ್ತೈತಿ. ಇಕಿ ಅಂಗಿ ಮಾತ್ರ ನಾನ ಹೊಲೀತೀನಿ. ಅದೊಂದು ನನಗ ಬಿಡು."

"ಅಳತಿ ಹೆಂಗ ಗೊತ್ತಾಗತೈತಿ ನಿನಗ?" ಎಂದೆ.

"ನೆತ್ತಿಯಿಂದ ಹಿಮ್ಮಡತನ ಒಂದು ನೂಲು, ಎದಿ ಸುತ್ತ ಒಂದು ನೂಲು. ಹರದು ಗಂಟಿನಾಗ ಇಡು, ಸಾಕು."

ಅವಳು ಹೋದಳು. ಉಳಿದಳು ಕೂಡ. ಬೇನೆ ವಾಸಿಯಾದ ಮೇಲೆ ಆಸ್ಪತ್ರೆಯ ಅಡುಗೆಮನೆಯಲ್ಲಿಯೇ ಕೆಲಸಕ್ಕೆ ನಿಂತಳು. ರಾತ್ರಿ ಹತ್ತಾರು ಹೆಂಗಸರ ಜೊತೆ ಒಂದು ಉದ್ದನೆಯ ಕೋಣೆಯಲ್ಲಿ ಮಲಗಬೇಕು, ಅಲ್ಲಿ ಮಕ್ಕಳನ್ನು ಇಟ್ಟುಕೊಳ್ಳಗೊಡುವುದಿಲ್ಲ, ಸ್ವಂತ ಜಾಗ ಆಗುವ ತನಕ ಮೀನಿ ನಿನ್ನ ಹತ್ತಿರವೇ ಇರಲಿ ಎಂದು ಚೀಟಿ ಬಂತು. ಇರಲಿ ಎಂದು ನಾನೂ ಬರೆಸಿದೆ. ನನಗೆ ಮಕ್ಕಳಿರಲಿಲ್ಲ. ಅಷ್ಟು ಹೊತ್ತಿಗೆ ಮೀನಿ ನನ್ನ ಸೀರೆಯ ಚುಂಗು ಹಿಡಿಯದೆ ನಿದ್ದೆ ಮಾಡುತ್ತಿರಲಿಲ್ಲ. ನೂಲು ಹೋಗುತ್ತಿತ್ತು, ಅಂಗಿ ಬರುತ್ತಿತ್ತು. ತೋಳಿನಲ್ಲಿ ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಡಿಮೆಯಿಲ್ಲ. ಗಂಟು ಬಿಚ್ಚುವಾಗ ಮೀನಿ ಮೊದಲು ಮುಖವನ್ನು ಬಟ್ಟೆಯಲ್ಲಿ ಹುದುಗಿಸಿ ಮೂಸಿ ನೋಡುತ್ತಿದ್ದಳು. ಆಸ್ಪತ್ರೆಯಿಂದ ಬಂದ ಬಟ್ಟೆ, ಫಿನಾಯಿಲ್ ವಾಸನೆ ಹೊಡೆಯುತ್ತಿತ್ತು. ಮುಂದೆ ಶಾಲೆಗೆ ಹಾಕಿದ ಮೇಲೆ, ಒಂದು ದಿನ ಅಲ್ಲಿ ಫಿನಾಯಿಲ್ ಹಾಕಿ ನೆಲ ಒರೆಸಿದ್ದರಂತೆ. ಹುಡುಗಿ ಕ್ಲಾಸಿನಿಂದ ಎದ್ದು ಮನೆಗೆ ಓಡಿಬಂದು, "ಅತ್ತಿ, ನಮ್ಮವ್ವ ಸಾಲಿಗೆ ಬಂದಾಳ" ಎಂದಳು. ರೈಲು ಬಂದಿಲ್ಲವೆಂದು ತೋರಿಸಲು ಅವಳನ್ನು ಎತ್ತಿಕೊಂಡು ಸ್ಟೇಷನ್ನಿನ ತನಕ ನಡೆದೆ. ಬೆಲ್ಲ ಕೊಡಿಸಿ ಕರೆದುಕೊಂಡು ಬಂದೆ.

ನನ್ನ ಗಂಡನಿಗೆ ಲಕ್ವಾ ಹೊಡೆದದ್ದು ಅದರ ಮರುವರ್ಷ. ಎಡಗೈ ಎಡಗಾಲು ಹೋದವು, ಮಾತು ತೊದಲಿತು. ಮಂಚವೇ ಅವರ ಮನೆಯಾಯಿತು. ನಾನು ಕಟ್ಟೆಯ ಮೇಲೆ ಹೊಲಿಗೆಗೆ ಕೂತ ಹೊತ್ತಿನಲ್ಲಿ ಮೀನಿಯೇ ಅವರಿಗೆ ನೀರು ಕುಡಿಸುತ್ತಿದ್ದಳು, ಬಲಗೈಗೆ ಕವಡೆ ಕೊಟ್ಟು ಚೌಕಾಬಾರ ಆಡಿಸುತ್ತಿದ್ದಳು. ಅವರು ತೊದಲಿದ್ದು ನನಗೆ ಅರ್ಥವಾಗದಿದ್ದರೆ ಅವಳೇ ಬಿಡಿಸಿ ಹೇಳಬೇಕು. ಹೀಗೆ ವರ್ಷಗಳು ಹೋದವು. ಹುಡುಗಿಯನ್ನು ಕಳಿಸುವ ಮಾತನ್ನು ಆ ಕಡೆಯಿಂದ ಲಲಿತವ್ವ ಎತ್ತಲಿಲ್ಲ, ಈ ಕಡೆಯಿಂದ ನಾನು ಎತ್ತಲಿಲ್ಲ. ಗಂಟು ಬರುತ್ತಿರುವ ತನಕ ಯಾರಿಗೂ ಅದರ ಅವಸರ ಕಾಣಲಿಲ್ಲ.

ಮೊದಲ ಸಲ ದರ ಬದಲಾದದ್ದು ಮೀನಿ ಲಂಗ ಉಡುವ ಹೊತ್ತಿಗೆ. ಗುಂಡೇರಾಯರು ಗೋಡೆಗೆ ಒಂದು ನೋಟೀಸು ಅಂಟಿಸಿ, ಬೆರಳಿಗೆ ಹತ್ತಿದ ಅಂಟನ್ನು ಒರೆಸಿಕೊಳ್ಳುತ್ತ ನನ್ನ ಕಡೆ ತಿರುಗಿದರು.

"ಮನಿ ಸಾಮಾನಿಗೆ ಇಷ್ಟು ದಿನ ಅಗ್ಗದ ದರ ಇತ್ತಲ್ಲವಾ ಹುಲಿಗೆವ್ವಾ, ಅದನ್ನ ತಗದಾರ. ಇನ್ನ ಮ್ಯಾಲೆ ಎಲ್ಲಾ ಒಂದ ದರ. ಮತ್ತ ಗಂಟು ಎಷ್ಟ ಸಣ್ಣದಿದ್ರೂ ಅರ್ಧ ಮೂಟಿ ತೂಕದ ರೊಕ್ಕ ಕೊಡಬೇಕು."

"ಒಂದು ಅಂಗಿಗೂ?"

"ಒಂದು ಗುಂಡಿಗೂ."

ಊರು ಒಂದು ವಾರ ಗೊಣಗಿತು, ಆಮೇಲೆ ಹಗ್ಗ ಉದ್ದ ಮಾಡಿಕೊಂಡಿತು. ಒಂದೇ ಊರಿಗೆ ಹೋಗುವ ಸಾಮಾನನ್ನೆಲ್ಲ ಒಂದೇ ಗೋಣಿಯಲ್ಲಿ ತುಂಬತೊಡಗಿದೆವು. ಯಾರದು ಯಾರಿಗೆ ಎಂದು ತಿಳಿಯಲು ಒಳಗಿನ ಗಂಟುಗಳಿಗೆ ಬೇರೆ ಬೇರೆ ಬಣ್ಣದ ದಾರ ಕಟ್ಟುತ್ತಿದ್ದೆ. ಆ ತುದಿಯಲ್ಲಿ ಬಿಡಿಸಿ ಹಂಚುವವರು ಬೇಕಲ್ಲ, ಲಲಿತವ್ವ ಒಪ್ಪಿಕೊಂಡಳು. ನಮ್ಮೂರು ಬಿಟ್ಟು ಆ ಕಡೆ ಹೋದವರೆಲ್ಲ ಗಂಟು ಬರುವ ದಿನ ಆಸ್ಪತ್ರೆಯ ಬೇಲಿಯ ಹತ್ತಿರ ಅವಳಿಗಾಗಿ ಕಾಯುತ್ತಿದ್ದರಂತೆ. ಯಾರಿಗೆ ಮೊಮ್ಮಗ ಹುಟ್ಟಿದ, ಯಾರ ತಾಯಿಗೆ ಕಣ್ಣು ಮಂಜಾಯಿತು, ಎಲ್ಲ ಅವಳಿಗೆ ಗೊತ್ತಿರುತ್ತಿತ್ತು. ಊರಿಗೆ ಬರಲಾಗದಿದ್ದರೂ ಊರಿನ ಸುದ್ದಿಯೆಲ್ಲ ಅವಳ ಕೈಮೇಲೆ ಹೋಗುತ್ತಿತ್ತು.

ಮುಂದೆ ಇನ್ನೊಂದು ಸುದ್ದಿ ಬಂತು. ನಮ್ಮ ಸ್ಟೇಷನ್ನಿನ ಪಾರ್ಸಲ್ ಉತ್ಪನ್ನ, ಅಂದರೆ ಬರುವ ಹಣ, ಕಡಿಮೆಯಾಗಿದೆಯಂತೆ, ರೈಲು ಇಲ್ಲಿ ಅಷ್ಟು ಹೊತ್ತು ನಿಂತರೆ ನಷ್ಟವಂತೆ, ಬರುವ ವರ್ಷದಿಂದ ನಿಲ್ಲಿಸುವುದಿಲ್ಲವಂತೆ. ಎಲ್ಲರೂ ಒಂದೇ ಗೋಣಿಯಲ್ಲಿ ಕಳಿಸಿದರೆ ಉತ್ಪನ್ನ ಕಡಿಮೆಯಾಗದೆ ಏನಾದೀತು! ಪ್ಲಾಟ್‌ಫಾರ್ಮಿನ ಮೇಲೆ ಊರು ನೆರೆಯಿತು. ಅರ್ಜಿ ಬರೆಯೋಣ ಎಂದರು ಕೆಲವರು. ಗುಂಡೇರಾಯರು ತಲೆ ಅಲ್ಲಾಡಿಸಿದರು. ಅರ್ಜಿ ನೋಡಲು ಬಂದ ಸಾಹೇಬರು ಒಮ್ಮೆ ಬಂದುಹೋದರೆ ಮತ್ತೆ ಬರುವ ಹಾಗಿರಲಿಲ್ಲ. ಪ್ರತಿ ಸಲ ಹೊಸ ಸಾಹೇಬರು, ಹಿಂದಿನವರು ಕೊಟ್ಟ ಮಾತು ಅವರಿಗೆ ಗೊತ್ತೇ ಇರುತ್ತಿರಲಿಲ್ಲ. ಆಗ ಓಬಳೇಶ ಎದ್ದು ನಿಂತ. ಮಡಕೆಯ ಜೊತೆಗೆ ಇಟ್ಟಿಗೆಯನ್ನೂ ಸುಡುತ್ತಿದ್ದವನು ಅವನು.

"ಅವರಿಗೆ ಬೇಕಾದ್ದು ಉತ್ಪನ್ನ ಹೌದಲ್ಲೋ? ಕೊಡೂಣು. ನಮ್ಮ ಭಟ್ಟಿಯಾಗ ಇಟ್ಟಂಗಿ ಬೇಕಾದಷ್ಟು ಬಿದ್ದಾವು. ಮನಿಗೆ ಒಂದೊಂದು ಬುಟ್ಟಿ ಹೊತಗೊಂಡು ಬಂದು ಬುಕ್ ಮಾಡ್ರಿ."

"ಯಾರಿಗೆ ಕಳಸೂದು ಇಟ್ಟಂಗಿ?" ಎಂದು ಯಾರೋ ನಕ್ಕರು.

"ಯಾರಿಗರ. ಲಲಿತವ್ವಗ ಕಳಸ್ರಿ. ತಗೊಳ್ಳಾಕ ಆಕಿ ಹೆಂಗೂ ಬರತಾಳ."

ಆ ವರ್ಷ ನಮ್ಮೂರು ಇಟ್ಟಿಗೆ ಕಳಿಸಿತು. ಉಪ್ಪು ಮೆಣಸಿನಕಾಯಿಯಲ್ಲಿ ಉಳಿಸಿದ ಹಣದಲ್ಲಿ ಜನ ಇಟ್ಟಿಗೆಯ ಬುಟ್ಟಿಗೆ ರಸೀದಿ ಹರಿಸಿದರು. ದಬ್ಬಣ ಹಿಡಿದು ನನ್ನ ಬೆರಳು ಜಡ್ಡುಗಟ್ಟಿತು. ಗುಂಡೇರಾಯರು ಎಲ್ಲವನ್ನೂ ತೂಗಿದರು. ಒಳಗೇನಿದೆ ಎಂಬ ಜಾಗದಲ್ಲಿ 'ಮನೆಗೆ ಬೇಕಾದ ವಸ್ತು' ಎಂದು ಬರೆದರು. ಲಲಿತವ್ವನಿಂದ ಚೀಟಿ ಬಂತು. ಇಷ್ಟೊಂದು ಇಟ್ಟಿಗೆ ಏಕೆ ಬರುತ್ತಿದೆಯೋ ತಿಳಿಯದು, ಸ್ಟೇಷನ್ನಿನವರು ಬೈಯುತ್ತಾರೆಂದು ಗಾಡಿ ಮಾಡಿ ತರಿಸಿ ಆಸ್ಪತ್ರೆಯ ಹಿಂದೆ ಒಟ್ಟಿದ್ದೇನೆ ಎಂದು ಬರೆಸಿದ್ದಳು. ಓದಿ ಎಲ್ಲರೂ ನಕ್ಕೆವು. ನಕ್ಕು ಮತ್ತಷ್ಟು ಕಳಿಸಿದೆವು.

ವರ್ಷದ ಕೊನೆಗೆ ಸಾಹೇಬರು ಬಂದರು. ತೆಳ್ಳಗಿನ, ಒಳ್ಳೆಯ ಮಾತಿನ ಮನುಷ್ಯ. ಲೆಕ್ಕ ನೋಡಿ ಅವರ ಮುಖ ಅರಳಿತು. ಕಟ್ಟೆಯ ಮೇಲೆ ನಿಂತು ನಮಗೆಲ್ಲ ಶಹಬ್ಬಾಸ್ ಹೇಳಿದರು. ಇಷ್ಟು ಮಾಲು ಹೊರಡುವ ಊರು ಈ ಹಾದಿಯಲ್ಲಿ ಇನ್ನೊಂದಿಲ್ಲ, ಇಲ್ಲಿ ರೈಲು ನಿಲ್ಲಿಸುವ ಪ್ರಶ್ನೆಯೇ ಇಲ್ಲ ಎಂದವರು, ತಕ್ಷಣ ತಪ್ಪು ತಿಳಿಯಬಾರದೆಂದು, "ಅಂದ್ರೆ ರೈಲು ಬರೋದನ್ನ ನಿಲ್ಲಿಸೋದಿಲ್ಲ ಅಂತ" ಎಂದು ನಕ್ಕರು. ಹೆಂಗಸರು ಅವರಿಗೆ ಆರತಿ ಮಾಡಿದರು. ಓಬಳೇಶನನ್ನು ಹುಡುಗರು ಹೆಗಲ ಮೇಲೆ ಹೊತ್ತು ಕುಣಿದರು.

ಎರಡು ತಿಂಗಳಿಗೆ ಆ ಮಾತಿನ ಹುರುಳು ತಿಳಿಯಿತು. ಇಷ್ಟು ಉತ್ಪನ್ನ ಇರುವ ಊರಿನಲ್ಲಿ ಚಿಲ್ಲರೆ ಗಂಟುಗಳನ್ನು ಒಂದೊಂದಾಗಿ ತೂಗುತ್ತ ಕೂರುವುದೇಕೆ ಎಂದು ಮೇಲಿನವರಿಗೆ ಅನ್ನಿಸಿತಂತೆ. ಪಾರ್ಸಲ್ ಡಬ್ಬಿಯನ್ನು ಇಡಿಯಾಗಿ ಗುತ್ತಿಗೆಗೆ ಕೊಟ್ಟುಬಿಟ್ಟರು. ಹರಾಜಿನಲ್ಲಿ ಹಿಡಿದವನು ವೀಳ್ಯದೆಲೆಯ ದೊಡ್ಡ ವ್ಯಾಪಾರಿ. ಡಬ್ಬಿಗೆ ಇಲ್ಲಿ ಎಲೆ ತುಂಬಿ ಬೀಗ ಹಾಕಿದರೆ ಇನ್ನು ತೆರೆಯುವುದು ಕಡೆಯ ಪೇಟೆಯಲ್ಲಿಯೇ, ನಡುವಿನ ಯಾವ ಸ್ಟೇಷನ್ನಿನಲ್ಲೂ ಅಲ್ಲ. ಪಾರ್ಸಲ್ ಆಫೀಸು ಮುಚ್ಚುತ್ತದೆ. ಗುಂಡೇರಾಯರಿಗೆ ವರ್ಗ.

"ನಾವ ಕೈಯಾರೆ ಮಾಡಿಕೊಂಡ್ವಿ," ಎಂದು ಓಬಳೇಶ ಕಟ್ಟೆಯ ಮೇಲೆ ಕುಸಿದು ಕೂತ. ಅವನ ಮಗನೂ ಆ ಕಡೆಯೇ ಇದ್ದ.

ಗುತ್ತಿಗೆದಾರನ ಕಡೆಯವನು ಎಲೆಯ ತೋಟಗಳನ್ನು ನೋಡಲು ಬಂದಾಗ ನಾನು ಅವನ ಕಾಲಿಗೆ ಬೀಳುವುದೊಂದು ಬಾಕಿ. ಎಲೆಯ ಬುಟ್ಟಿಗಳ ಸಂದಿಯಲ್ಲಿ ಒಂದು ಅಂಗೈಯಗಲದ ಗಂಟು, ಹಣ ಕೊಡುತ್ತೇನೆ ಎಂದೆ. ಕೆಟ್ಟವನಲ್ಲ ಅವನು, ಕುಡಿಯಲು ನೀರು ಕೇಳಿ ಇಸಿದುಕೊಂಡ. "ಏನವ್ವಾ ಮಾಡ್ಲಿ, ನಿಂದು ಒಂದು ತಗೊಂಡ್ರ ನಾಳಿ ಊರ ಬಂದು ನಿಲ್ಲತೈತಿ. ತಗೊಂಡ್ರೂ ಬೀಗ ತಗ್ಯಾವರ ಯಾರು ನಡುವ? ಎಲಿ ಬಾಡತಾವು" ಎಂದ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಆ ವಾರ ಬಂದ ಗಂಟಿನಲ್ಲಿ ಲಲಿತವ್ವನ ಚೀಟಿ ಇತ್ತು. ಗುಂಡೇರಾಯರು ಕನ್ನಡಕ ಏರಿಸಿ ಓದಿದರು. ಇತ್ತ ನಡೆದದ್ದು ಅವಳಿಗೇನೂ ಗೊತ್ತಿರಲಿಲ್ಲ. ಆಸ್ಪತ್ರೆಯವರು ಕಾಂಪೌಂಡಿನ ಹಿಂದೆ ಒಂದು ತುಂಡು ಜಾಗ ಕೊಟ್ಟರಂತೆ. ಊರು ಕಳಿಸಿದ ಇಟ್ಟಿಗೆಯಿಂದ ಒಂದು ಕೋಣೆ ಎಬ್ಬಿಸಿದ್ದಾಳಂತೆ, ಮೇಲೆ ತಗಡು ಹೊದಿಸಿ ಆಗಿದೆಯಂತೆ. ಇನ್ನು ಕೇಳಿದರೆ ತಪ್ಪಿಲ್ಲ ಅನ್ನಿಸಿ ಕೇಳುತ್ತಿದ್ದೇನೆ ಯಕ್ಕಾ, ಮೀನಿಯನ್ನು ನನ್ನ ಹತ್ತಿರ ಕರೆದುಕೊಳ್ಳಲೇ? ನೀನು ಬೇಡ ಅಂದರೆ ಬೇಡ, ಗಂಟು ಬರುತ್ತಿದ್ದರೂ ಸಾಕು. ಇಷ್ಟೇ ಇತ್ತು. ಗುಂಡೇರಾಯರು ಚೀಟಿಯನ್ನು ಮಡಚಿ ಕೊಟ್ಟು, ಬಹಳ ಹೊತ್ತು ತಕ್ಕಡಿಯ ತಟ್ಟೆಯನ್ನು ಒರೆಸುತ್ತ ನಿಂತರು.

"ಬರೂ ಶುಕ್ರವಾರ ಕಡೀ ಪಾರ್ಸಲ್ ಹುಲಿಗೆವ್ವಾ. ಅದನ್ನ ಇಸಗೋಳಿಕ್ಕೆ ಆಕಿ ಆ ಸ್ಟೇಷನ್ನಿಗೆ ಬಂದೇ ಬರತಾಳ. ನಾನೂ ಅದ ಗಾಡಿಗೆ ಹೊಂಟೀನಿ. ಹುಡುಗೀನ್ನ ಕಳಸೂದಿದ್ರ ನಾ ಕರಕೊಂಡು ಹೋಗಿ ಆಕಿ ಕೈಯಾಗ ಕೊಡತೀನಿ. ಆಮ್ಯಾಲೆ ಕಳಸೂದಂದ್ರ ಆಕಿಗೆ ಹೇಳೂದು ಹೆಂಗ, ಹುಡುಗಿ ಒಬ್ಬಾಕೀನ ಆ ಊರಾಗ ಹುಡುಕೂದು ಹೆಂಗ, ನೀನ ವಿಚಾರ ಮಾಡು."

ಸ್ಟೇಷನ್ನಿನಿಂದ ಮನೆ ದೂರವೇನಲ್ಲ. ಆ ದಿನ ನನಗೆ ಬಹಳ ದೂರವಾಯಿತು. ಮೀನಿ ಅಂಗಳದಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ನನ್ನ ಎದೆಯ ಎತ್ತರಕ್ಕೆ ಬಂದಿದ್ದಳು ಆಗ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ, ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ಮೊರ ಕೆಳಗಿಟ್ಟಳು.

"ನಾ ಒಲ್ಲೆ."

"ನಿಮ್ಮವ್ವ ಮೀನಿ."

"ನನಗ ಅವ್ವ ಅಂದ್ರ ಗಂಟಿನಾಗ ಬರಾಕಿ. ನನಗ ಜ್ವರ ಬಂದಾಗ ನೀ ಇದ್ದಿ. ಮಾವ ಮಾತಾಡಿದ್ದು ಆಕಿಗೆ ತಿಳಿತೈತೇನ? ನಾ ಹ್ವಾದರ ಇಲ್ಲೆ ಯಾರಿಗೆ ತಿಳಿತೈತಿ?"

ಒಳಗೆ ಮಂಚದ ಮೇಲಿಂದ ನನ್ನ ಗಂಡ ಏನೋ ತೊದಲಿದರು. ಮೀನಿಯೇ ಬಾಗಿಲ ತನಕ ಹೋಗಿ ಕೇಳಿ ಬಂದಳು. ಅವಳ ಮುಖ ಬಾಡಿತು. "ನೀನೂ ಜೊತಿಗೆ ಹೋಗಬೇಕಂತ. ಅವರನ್ನ ಇಲ್ಲೇ ಬಿಟ್ಟು."

ನಾನು ಒಳಗೆ ಹೋದೆ. "ನನ್ನ ಬಿಟ್ಟರ ನಿಮಗ ತುತ್ತು ಹಾಕಾವ್ರು ಯಾರದಾರ?" ಎಂದು ಕೇಳಿದೆ. ಅವರು ಗೋಡೆಯ ಕಡೆ ಮುಖ ಮಾಡಿದರು. ಆ ಮೈಯನ್ನು ರೈಲಿಗೆ ಹತ್ತಿಸಿ ಕರೆದೊಯ್ಯುವಂತಿರಲಿಲ್ಲ, ಪಕ್ಕಕ್ಕೆ ಹೊರಳಿಸಿದರೇ ಉಸಿರು ಕಟ್ಟುತ್ತಿತ್ತು. ಆ ಮಾತು ಅಲ್ಲಿಗೇ ನಿಂತಿತು.

ಮೀನಿ ಎರಡು ದಿನ ನನ್ನ ಕೂಡ ಮುನಿಸಿಕೊಂಡೇ ಇದ್ದಳು. ನಾನೂ ಒತ್ತಾಯ ಮಾಡಲಿಲ್ಲ. ಹುಡುಗಿ ತಾನಾಗಿ ಒಲ್ಲೆ ಅಂದಳಲ್ಲ, ಇರಲಿ ಬಿಡು, ದೇವರು ಕೊಟ್ಟದ್ದು ಎಂದು ಒಲೆಯ ಮುಂದೆ ಕೂತಾಗ ಮನಸ್ಸು ಹೇಳುತ್ತಿತ್ತು. ಬುಧವಾರ ಬೆಳಿಗ್ಗೆ ಕಡೆಯ ಗಂಟಿಗೆಂದು ಅಳತೆಯ ನೂಲು ತೆಗೆದುಕೊಂಡು ಅವಳನ್ನು ಗೋಡೆಗೆ ನಿಲ್ಲಿಸಿದೆ. ನೆತ್ತಿಯ ಮೇಲೆ ನೂಲಿನ ತುದಿ ಹಿಡಿದು ಕೆಳಗೆ ಬಗ್ಗಿದೆ. ಅವಳು ಮೇಲಿನಿಂದ ಕೇಳಿದಳು.

"ಅತ್ತಿ, ಇದ ಕಡೀ ನೂಲು ಹೌದಲ್ಲ?"

"ಹೂಂ."

"ಮುಂದ ನಾ ಬೆಳದದ್ದು ಆಕಿಗೆ ಹೆಂಗ ಗೊತ್ತಾಗತೈತಿ?"

ನಾನು ಬಗ್ಗಿದವಳು ಬಗ್ಗಿಯೇ ಇದ್ದೆ. ಗೊತ್ತಾಗುವುದಿಲ್ಲ ಎಂದು ಹೇಳಿದೆ. ಅವಳು ಇದೇ ನೂಲಿನ ಅಳತೆಗೆ ಅಂಗಿ ಹೊಲಿಯುತ್ತಿರುತ್ತಾಳೆ, ನೀನು ಅವಳ ಕೈಯಲ್ಲಿ ಇಷ್ಟೇ ಇರುತ್ತೀ, ನಿನಗೆ ಮಕ್ಕಳಾದರೂ ಇಷ್ಟೇ ಇರುತ್ತೀ ಎಂದೆ. ಯಾಕೆ ಹಾಗೆ ಹೇಳಿದೆನೋ. ಸುಮ್ಮನಿರಬಹುದಿತ್ತು. ಆದರೆ ಕಳಿಸಿಕೊಡು ಎಂದು ಕೇಳುವ ಧೈರ್ಯವೂ ಇಲ್ಲದೆ ಹನ್ನೊಂದು ವರ್ಷ ಅಂಗಿ ಹೊಲಿದುಕೊಂಡು ಕೂತ ಹೆಂಗಸು ನನ್ನ ಕಣ್ಣ ಮುಂದೆ ಬಂದಳು.

ಮೀನಿ ನನ್ನ ಕೈಯಿಂದ ನೂಲನ್ನು ತೆಗೆದುಕೊಂಡು ಬೆರಳಿಗೆ ಸುತ್ತಿ, ಒಲೆಗೆ ಹಾಕಿದಳು. "ಇದು ಬ್ಯಾಡ. ನಾನ ಹೋಗತೀನಿ" ಎಂದು ಹೇಳಿ, ನನ್ನ ಮಡಿಲಲ್ಲಿ ತಲೆ ಇಟ್ಟು ಅತ್ತಳು. ನಾನು ಅಳಲಿಲ್ಲ. ನಾನು ಅ‍ತ್ತರೆ ಅವಳು ಹೋಗುವುದಿಲ್ಲವೆಂದು ನನಗೆ ಗೊತ್ತಿತ್ತು.

ಶುಕ್ರವಾರ ಸ್ಟೇಷನ್ನಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರೂ ಕಡೆಯ ಗಂಟು ಕಳಿಸುವವರೇ. ಇನ್ನು ಕಳಿಸುವುದಕ್ಕಾಗದ್ದನ್ನೆಲ್ಲ ತಂದಿದ್ದರು: ಮುಂದಿನ ವರ್ಷ ಹುಟ್ಟಲಿರುವ ಕೂಸಿಗೆ ಕುಲಾವಿ, ಮದುವೆ ಇನ್ನೂ ನಿಶ್ಚಯವಾಗದ ಹುಡುಗಿಗೆ ತಾಳಿಯ ಗುಂಡು, ತಾವು ಸತ್ತಮೇಲೆ ಕೊಡಬೇಕಾದ ಬೆಳ್ಳಿಯ ಲೋಟ. ಬೆಳಗಿನಿಂದ ತಲೆ ಎತ್ತದೆ ಹೊಲಿದೆ. ಓಬಳೇಶ ತನ್ನ ಮಗನಿಗೆಂದು ಒಂದು ಹೂಜಿ ತಂದಿದ್ದ. ಒಡೆಯದ ಹಾಗೆ ಹುಲ್ಲು ಸುತ್ತಿ ಹೊಲಿದುಕೊಟ್ಟರೆ, ಅದನ್ನು ಗುಂಡೇರಾಯರಿಗೆ ಕೊಡದೆ ತೊಡೆಯ ಮೇಲೆ ಇಟ್ಟುಕೊಂಡೇ ಕೂತ. ಗುಂಡೇರಾಯರು ಬಂದು ತಾವೇ ಮೆಲ್ಲನೆ ಇಸಿದುಕೊಂಡರು. ಆ ದಿನ ಅವರು ಯಾವ ಗಂಟನ್ನೂ ತೂಗಲಿಲ್ಲ. ಎಲ್ಲಕ್ಕೂ ಕಡಿಮೆ ದರ ಹಾಕಿ ರಸೀದಿ ಹರಿದರು. ಹಳೆಯ ದರ, ಮನೆ ಸಾಮಾನಿನದು.

ಮೀನಿಯನ್ನು ನಾನು ಮನೆಯಲ್ಲಿಯೇ ಎರೆದು, ತಲೆ ಬಾಚಿ ಕರೆತಂದಿದ್ದೆ. ಮಾವನ ಕಾಲಿಗೆ ಬಿದ್ದಾಗ ಅವರು ಬಲಗೈಯನ್ನು ಅವಳ ತಲೆಯ ಮೇಲಿಟ್ಟು ತೆಗೆಯಲೇ ಇಲ್ಲ. ಕಡೆಗೆ ನಾನು ಬಿಡಿಸಬೇಕಾಯಿತು. ರೈಲು ಬಂದು ನಿಂತಿತು. ಹಮಾಲರು ಗಂಟು ಏರಿಸತೊಡಗಿದರು. ಗುಂಡೇರಾಯರು ತಮ್ಮ ಟ್ರಂಕನ್ನು ಏರಿಸಿ, ಬಾಗಿಲಲ್ಲಿ ನಿಂತು ಕೈ ಚಾಚಿದರು.

"ಅತ್ತಿ, ಆಕಿ ನನ್ನ ಗುರ್ತು ಹಿಡೀತಾಳೇನ?" ಎಂದು ಮೀನಿ ಕೇಳಿದಳು.

"ನಿನ್ನ ಮೈಮ್ಯಾಲಿನ ಅಂಗಿ ಗುರ್ತು ಹಿಡೀತಾಳ. ಆಮ್ಯಾಲೆ ನಿನ್ನ ಹಿಡೀತಾಳ."

"ಆಕಿಗೆ ಏನಂತ ಕರೀಬೇಕು ಎದುರಿಗೆ?"

"ಅವ್ವಾ ಅನ್ನು."

ಅವಳು ಬಾಯಲ್ಲೇ ಒಮ್ಮೆ ಅಂದು ನೋಡಿಕೊಂಡಳು. ಅಂದು, ನನ್ನ ಮುಖ ನೋಡಿದಳು. ನನ್ನನ್ನು ಅವಳು ಎಂದೂ ಹಾಗೆ ಕರೆದಿರಲಿಲ್ಲ, ನಾನು ಕರೆಸಿಕೊಂಡೂ ಇರಲಿಲ್ಲ. ಗಾರ್ಡು ಸೀಟಿ ಊದಿದ. ಅವಳ ರೆಟ್ಟೆಗೆ ಕೈ ಕೊಟ್ಟು ನಾನೇ ಮೇಲೆ ಹತ್ತಿಸಿದೆ. ಎಷ್ಟು ಹಗುರವಿದ್ದಳೆಂದರೆ ಎತ್ತಿದ ಕೈ ಮೇಲೆಯೇ ಉಳಿಯಿತು. ರೈಲು ಹೊರಟಾಗ ಅವಳು ಕಿಟಕಿಯಿಂದ ಕೂಗಿ ಹೇಳಿದ್ದು ಒಂದೇ ಮಾತು: "ಮಾವಗ ಮಜ್ಜಿಗಿಯಾಗ ಉಪ್ಪು ಕಡಿಮಿ ಹಾಕು ಅತ್ತಿ, ಹೇಳಾಕ ಬರಂಗಿಲ್ಲ ಅವರಿಗೆ!" ರೈಲು ತಿರುವಿನಲ್ಲಿ ಮರೆಯಾದ ಮೇಲೆ ನೆರೆದ ಜನ ಅಳತೊಡಗಿದರು. ಗಂಡಸರೂ ಅತ್ತರು. ನಮ್ಮೂರಿನಲ್ಲಿ ಅಂಥ ಅಳು ಅದಕ್ಕೆ ಮೊದಲು ನಾನು ಕೇಳಿರಲಿಲ್ಲ.

ಈಗ ನಾನು ಗುತ್ತಿಗೆದಾರನ ಎಲೆಯ ಪೆಂಡಿ ಕಟ್ಟುತ್ತೇನೆ. ಬಾಳೆಪಟ್ಟಿಯ ಕೆಲಸ, ಸೂಜಿ ಬೇಕಿಲ್ಲ. ರೈಲು ಬರುತ್ತದೆ, ಡಬ್ಬಿ ತುಂಬುತ್ತದೆ, ಬೀಗ ಬೀಳುತ್ತದೆ. ಈ ವರ್ಷ ಉತ್ಪನ್ನ ಬಹಳ ಚೆನ್ನಾಗಿದೆಯೆಂದು ಗುತ್ತಿಗೆದಾರನ ಕಡೆಯವರು ಮಾತಾಡಿಕೊಳ್ಳುತ್ತಿದ್ದರು. ಹೊಸದಾಗಿ ಯಾರಾದರೂ ಊರಿಗೆ ಬಂದಿಳಿದರೆ ನಾನು ಹತ್ತಿರ ಹೋಗಿ ಕೇಳುತ್ತೇನೆ. ಕಳೆದ ಸುಗ್ಗಿಯಲ್ಲಿ ಬಂದ ಒಬ್ಬ ಬಡಗಿ ಆ ಆಸ್ಪತ್ರೆಯ ಊರಿನ ಕಡೆಯವನೇ ಆಗಿದ್ದ.

"ಆಸ್ಪತ್ರಿ ಹಿಂದ ಕೆಂಪ ಇಟ್ಟಂಗಿದು ಒಂದು ಕೋಲಿ ಐತೇನಪಾ?"

"ಅದಾವವ್ವ, ಅಂಥವು ನಾಕೈದು ಅದಾವು."

"ಒಳಗ ಯಾರ ಇರತಾರ, ನೋಡೀಯೇನ?"

ಅವನು ನೆನಪು ಮಾಡಿಕೊಂಡ. ಒಂದರ ಮುಂದೆ ಹಗ್ಗದ ಮೇಲೆ ಬಟ್ಟೆ ಒಣಹಾಕಿದ್ದನ್ನು ನೋಡಿದ್ದೇನೆ, ಜನರನ್ನು ನೋಡಿಲ್ಲ ಎಂದ. ಎಂಥ ಬಟ್ಟೆ, ಎಷ್ಟು ದೊಡ್ಡವು ಎಂದು ಕೇಳಿದೆ. ಅದು ಅವನಿಗೆ ನೆನಪಿರಲಿಲ್ಲ.

ಸಂಜೆ ದೀಪ ಹಚ್ಚಿ ಗಂಡನಿಗೆ ಉಣಿಸಲು ಕೂರುತ್ತೇನೆ. ಅವರ ಮಾತು ಈಗ ನನಗೆ ತಿಳಿಯುತ್ತದೆ. ಬೇರೆ ಯಾರೂ ಇಲ್ಲದ್ದರಿಂದ ಕಲಿತೆ. ಮೊದಲ ತುತ್ತು ಎತ್ತಿದೊಡನೆ ಅವರು ಬಾಯಿ ಬಿಗಿಹಿಡಿದು ನನ್ನನ್ನೇ ನೋಡುತ್ತಾರೆ.

"ಮೀನಿ ಉಂಡ್ಳೇನ?" ಎಂದು ಕೇಳುತ್ತಾರೆ.

ಅವಳು ಇಲ್ಲಿಲ್ಲ ಎಂದು ಅವರಿಗೆ ಗೊತ್ತಿದೆ. ಅವರಿಗೆ ಗೊತ್ತೆಂದು ನನಗೆ ಗೊತ್ತಿದೆ.

"ಉಂಡ್ಳು," ಎನ್ನುತ್ತೇನೆ.

ಆಮೇಲೆ ಅವರು ಬಾಯಿ ತೆರೆಯುತ್ತಾರೆ.